ಮೋಡ್‌ಲಾಕ್ ಲೇಸರ್: ಆರ್‌ಎಫ್ ಸ್ಪೆಕ್ಟ್ರಂನಲ್ಲಿ ಪಕ್ಕದ ಪೀಕ್ ಹೋಗುತ್ತಲೇ ಇಲ್ಲ

ಎರ್ಬಿಯಂರಿಂಗ್:
ನಾಲ್ಕು ದಿನದಿಂದ ಇದೇ ಗೋಳು, ತಲೆ ಕೆಟ್ಟು ಹೋಗಿದೆ. ಮೋಡ್‌ಲಾಕ್ ಮಾಡಿದ (ಅಂದರೆ ಒಂದೇ ಸಮನೆ ಚಿಕ್ಕ ಚಿಕ್ಕ ಪಲ್ಸ್ ಬಿಡುವ) ಎರ್ಬಿಯಂ ಫೈಬರ್ ಲೇಸರ್, ರಿಂಗ್ 5 ಮೀಟರ್. ಬೆಳಕನ್ನು ಫೋಟೋಡಯೋಡಿಗೆ ಬಿಟ್ಟು ಅದರ ಸಿಗ್ನಲನ್ನು ಆರ್‌ಎಫ್ ಅನಲೈಸರಿನಲ್ಲಿ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಬಲ ಅಂತ ತೋರಿಸುವ ಉಪಕರಣ) ನೋಡುತ್ತಿದ್ದೇನೆ. ಪಲ್ಸ್ ಬರುವ ವೇಗವಾದ 41 ಮೆಗಾಹರ್ಟ್ಜ್‌ನಲ್ಲಿ ಪೀಕ್ ಸರಿಯಾಗಿ ಬರುತ್ತದೆ. ಆದರೆ ಅದರ ಎರಡೂ ಪಕ್ಕದಲ್ಲಿ ಒಂದೊಂದು ಚಿಕ್ಕ ಪೀಕ್, ಮುಖ್ಯ ಪೀಕಿಗಿಂತ 45 ಡಿಬಿ (ಡೆಸಿಬೆಲ್) ಕೆಳಗೆ. ಸ್ಕೋಪಿನಲ್ಲಿ ನೋಡಿದರೆ ಪಲ್ಸ್‌ಗಳೆಲ್ಲ ಒಂದೇ ಎತ್ತರ. ಎಲ್ಲಿ ತಪ್ಪಿದೆ?

ಪಂಪ್‌ಡಯೋಡ್:
ಕ್ಯೂ-ಸ್ವಿಚಿಂಗ್ (ಲೇಸರಿನ ಶಕ್ತಿ ತಾನಾಗಿಯೇ ಉಬ್ಬಿ ಇಳಿಯುವುದು), ಬೇರೇನೂ ಅಲ್ಲ. ಪಂಪ್ (ಫೈಬರಿಗೆ ಶಕ್ತಿ ತುಂಬುವ ಡಯೋಡ್) ಜಾಸ್ತಿ ಮಾಡಿ.

ಎರ್ಬಿಯಂರಿಂಗ್:
ಮಾಡಿದೆ. ಹೋಗಲಿಲ್ಲ.

ಪಂಪ್‌ಡಯೋಡ್:
ಇನ್ನೂ ಜಾಸ್ತಿ ಮಾಡಿ. ಪೋಲರೈಸೇಶನ್ ಪ್ಯಾಡಲ್ ಕೂಡ ಸ್ವಲ್ಪ ಸ್ವಲ್ಪ ತಿರುಗಿಸಿ. ನನ್ನದೂ ಹೀಗೇ ಆಗಿತ್ತು.

ಐವತ್ತುಓಮ್:
ಸುಮ್ನೆ ಪಂಪ್ ಏರಿಸುತ್ತಾ ಕೂರಬೇಡಿ, ಫೋಟೋಡಯೋಡ್ ಹೋಗುತ್ತದೆ. ಪಕ್ಕದ ಪೀಕ್ ಎಷ್ಟು ದೂರದಲ್ಲಿದೆ ಅಂತ ಹೇಳಲೇ ಇಲ್ಲವಲ್ಲ? ಮೊದಲು ಅನಲೈಸರ್ ಮುಂದೆ ಸಿಗ್ನಲ್ ತಗ್ಗಿಸುವ 10 ಡಿಬಿ ಅಟೆನ್ಯುಯೇಟರ್ ಹಾಕಿ. ಎಲ್ಲ ಪೀಕ್‌ಗಳೂ ಒಟ್ಟಿಗೆ 10 ಡಿಬಿ ಇಳಿದರೆ ಅನಲೈಸರ್ ತಪ್ಪಲ್ಲ.

ಎರ್ಬಿಯಂರಿಂಗ್:
ಒಟ್ಟಿಗೇ ಇಳಿದವು. ದೂರ 62 ಕಿಲೋಹರ್ಟ್ಜ್. ಪಂಪ್ ಎಷ್ಟು ಬದಲಿಸಿದರೂ ಆ 62 ಅಲ್ಲಾಡುವುದಿಲ್ಲ.

ಐವತ್ತುಓಮ್:
ಇದನ್ನೇ ಮೊದಲು ಹೇಳಬೇಕಿತ್ತು! ಕ್ಯೂ-ಸ್ವಿಚಿಂಗ್ ಆಗಿದ್ದರೆ ಪಂಪ್ ಜೊತೆ ಆ ದೂರವೂ ಸರಿಯಬೇಕು ಅಲ್ವಾ? ಈಗ 10ನೇ ಹಾರ್ಮೋನಿಕ್ (41ರ ಹತ್ತು ಪಟ್ಟಿನಲ್ಲಿರುವ ಪೀಕ್) ನೋಡಿ. ಟೈಮಿಂಗ್ ಜಿಟರ್ (ಪಲ್ಸ್ ಬರುವ ಸಮಯದ ಅಲುಗಾಟ) ಇದ್ದರೆ ಪಕ್ಕದ ಪೀಕ್ 20 ಡಿಬಿ ಏರುತ್ತದೆ. ಪವರ್ ಏರಿಳಿತವಾದರೆ ಇದ್ದಷ್ಟೇ ಇರುತ್ತದೆ. ಲೇಸರ್ ವಿಜ್ಞಾನಿ ವಾನ್ ಡೆರ್ ಲಿಂಡೆ 1986ರಲ್ಲೇ ಹಾಕಿಕೊಟ್ಟ ದಾರಿ, ನಾನು ಇವತ್ತಿಗೂ ಅದನ್ನೇ ಹಿಡಿಯುತ್ತೇನೆ.

ಟೆರಾಹರ್ಟ್ಜ್:
ಫೋಟೋಡಯೋಡ್ ಯಾಕೆ ಬೇಕು? ನನ್ನ ಬೆಂಚಿನಲ್ಲಿ ನಾನ್‌ಲೀನಿಯರ್ ಫೈಬರ್ ಇದೆ. ಪಲ್ಸ್ ಜೊತೆ ಒಂದು ಸಿಡಬ್ಲ್ಯೂ (ಪಲ್ಸ್ ಇಲ್ಲದೆ ಎಡೆಬಿಡದೆ ಉರಿಯುವ) ಲೇಸರ್ ಬಿಡುತ್ತೇನೆ. ಪಲ್ಸಿನ ಏರಿಳಿತ ಅದರ ಫೇಸ್ ಮೇಲೆ ಅಚ್ಚಾಗುತ್ತದೆ. ಆಪ್ಟಿಕಲ್ ಸ್ಪೆಕ್ಟ್ರಂ ಅನಲೈಸರಿನಲ್ಲೇ ಆರ್‌ಎಫ್ ಸ್ಪೆಕ್ಟ್ರಂ ಕಾಣುತ್ತದೆ, ನೂರಾರು ಗಿಗಾಹರ್ಟ್ಜ್‌ವರೆಗೆ!

ಐವತ್ತುಓಮ್:
ಒಳ್ಳೆಯ ಸೆಟಪ್. ಆದರೆ ಅದರ ರೆಸಲ್ಯೂಶನ್ 0.02 ನ್ಯಾನೋಮೀಟರ್ ಅಂತಲೇ ಇಟ್ಟುಕೊಳ್ಳಿ. 1550 ನ್ಯಾನೋಮೀಟರ್ ತರಂಗಾಂತರದ ಹತ್ತಿರ ಅದೇ 2.5 ಗಿಗಾಹರ್ಟ್ಜ್ ಆಯಿತು. 62 ಕಿಲೋಹರ್ಟ್ಜ್ ಅದರಲ್ಲಿ ಎಲ್ಲಿ ಕಾಣಬೇಕು?

ಟೆರಾಹರ್ಟ್ಜ್:
ಇವರಿಗೆ ಬೇಡದಿರಬಹುದು. 160 ಗಿಗಾಹರ್ಟ್ಜ್ ಪಲ್ಸ್ ಸಾಲು ಅಳೆಯುವವರಿಗೆ ಬೇಕೇ ಬೇಕು. ಬೇಕಾದವರಿಗೆ ಪ್ರತ್ಯೇಕ ಎಳೆ ಶುರು ಮಾಡುತ್ತೇನೆ.

ಎರ್ಬಿಯಂರಿಂಗ್:
10ನೇದರಲ್ಲೂ ಅದೇ 45 ಡಿಬಿ, ಅಂದರೆ ಪವರ್ ಏರಿಳಿತವೇ. ಸೊನ್ನೆ ಹರ್ಟ್ಜ್ ಹತ್ತಿರ ನೋಡಿದರೆ 62 ಕಿಲೋಹರ್ಟ್ಜ್‌ನಲ್ಲೇ ಒಂದು ಪೀಕ್ ನಿಂತಿದೆ! ಪಂಪ್ ಡ್ರೈವರಿನ ಸ್ವಿಚಿಂಗ್ ಸಪ್ಲೈ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ಕೊಡುವ ಪವರ್ ಸಪ್ಲೈ) ಕಿತ್ತು ಬ್ಯಾಟರಿ ಹಾಕಿದೆ. ಎಲ್ಲ ಕಡೆಯೂ ಮಾಯ. ಆ ಸಪ್ಲೈ ಬಗ್ಗೆ ಮೊದಲೇ ಬರೆಯಬೇಕಿತ್ತು, ಮುಖ್ಯ ಅಂತ ಅನಿಸಲೇ ಇಲ್ಲ.

ಪಂಪ್‌ಡಯೋಡ್:
ನನ್ನದರಲ್ಲಿ ಪಂಪ್ ಏರಿಸಿದರೆ ಪೀಕ್ ದೂರ ಸರಿಯುತ್ತಿತ್ತು, ಅದಂತೂ ನಿಜ. ಪಂಪ್ ಕರೆಂಟ್ ಬದಲಿಸುತ್ತಾ ಇನ್ನೊಮ್ಮೆ ಅಳೆದು ಪ್ಲಾಟ್ ಹಾಕುತ್ತೇನೆ.