ಆನ್‌ಲೈನ್ ವಿಚಾರ ಸಂಕಿರಣ: ಕೇಳಿದ್ದು, ಹೇಳಿದ್ದು

ಪ್ರಶ್ನೆ (ರಾಯಚೂರು ಜಿಲ್ಲೆ, ಪದವಿ ಕಾಲೇಜಿನ ಉಪನ್ಯಾಸಕಿ):
ನಮಸ್ಕಾರ ಸರ್. ನಾನು ಇತಿಹಾಸ ಹೇಳುತ್ತೇನೆ. ನವೆಂಬರ್ ಎರಡನೇ ವಾರ ಅಶೋಕನ ಶಾಸನಗಳ ಮೇಲೆ ಎರಡು ದಿನದ ವಿಚಾರ ಸಂಕಿರಣ ಮಾಡಬೇಕು ಅಂತಿದ್ದೇವೆ. ಶಾಸನ ಇರುವ ಊರುಗಳಲ್ಲಿ ಮಸ್ಕಿ ನಮ್ಮ ಜಿಲ್ಲೆ, ಗವಿಮಠ ಮತ್ತು ಪಾಲ್ಕಿಗುಂಡು ಕೊಪ್ಪಳದಲ್ಲಿ, ನಿಟ್ಟೂರು ಬಳ್ಳಾರಿ ಕಡೆ. ಮೂರೂ ಜಿಲ್ಲೆಯವರು ಸೇರಬೇಕು, ಹೊರದೇಶದ ಒಬ್ಬಿಬ್ಬರು ವಿದ್ವಾಂಸರೂ ಬೇಕು. ದುಡ್ಡು ಮಾತ್ರ ಇಲ್ಲ. ಓಡಾಟ, ಲಾಡ್ಜು, ಊಟದ ಲೆಕ್ಕ ನೋಡಿದ ಪ್ರಿನ್ಸಿಪಾಲರು "ಆನ್‌ಲೈನ್ ಮಾಡಿಬಿಡಿ" ಅಂದರು. 2020ರ ವೆಬಿನಾರ್‌ಗಳನ್ನು ನೆನೆಸಿಕೊಂಡರೆ ಭಯ ಆಗುತ್ತದೆ. ಹೆಸರು ಕೊಟ್ಟವರು ನೂರಾರು, ಕೂತು ಕೇಳಿದವರು ನಾಲ್ಕು ಜನ. ಏನು ಮಾಡೋದು?

ಉತ್ತರ (ಬಳ್ಳಾರಿ, ಕಾಲೇಜುಗಳಿಗೆ ಆನ್‌ಲೈನ್ ಕಾರ್ಯಕ್ರಮ ನಡೆಸಿಕೊಡುವವನು):
ಮೇಡಂ, ಮೊದಲು ಹಳೆ ಆಮಂತ್ರಣ ಪತ್ರಿಕೆ ಪಕ್ಕಕ್ಕಿಡಿ. ವೇದಿಕೆ ಕಾರ್ಯಕ್ರಮವನ್ನೇ ಎತ್ತಿ ಕ್ಯಾಮೆರಾ ಮುಂದೆ ಇಟ್ಟಿದ್ದಕ್ಕೇ ಆಗ ಅವೆಲ್ಲ ಕೆಟ್ಟವು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಅಧ್ಯಕ್ಷರ ಮಾತು ಅಂತ ಒಂದೂವರೆ ತಾಸು ಹೋಗುತ್ತದೆ. ಸಭಾಂಗಣದಲ್ಲಾದರೆ ಜನ ತಡೆದುಕೊಳ್ಳುತ್ತಾರೆ, ಆಮೇಲೆ ಒಗ್ಗರಣೆ ಮಿರ್ಚಿ ಇದೆಯಲ್ಲ! ಮನೆಯಲ್ಲಿ ಕೂತವನಿಗೆ ಯಾರ ಮುಲಾಜು? ಉದ್ಘಾಟನೆ ಹತ್ತು ನಿಮಿಷದಲ್ಲಿ ಮುಗಿಸಿ. ಹಿರಿಯರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ.

ಇನ್ನು ಎರಡು ದಿನ ಯಾಕೆ? ಅದು ಲಾಡ್ಜ್ ಬಾಡಿಗೆ ಉಳಿಸೋಕೆ ಹುಟ್ಟಿದ ಲೆಕ್ಕ. ಯಾರೂ ಊರು ಬಿಟ್ಟು ಬರದಿದ್ದ ಮೇಲೆ ಬೆಳಗ್ಗೆಯಿಂದ ಸಂಜೆವರೆಗೆ ಕೂರಿಸೋದು ಸುಮ್ನೆ ಹಿಂಸೆ. ನಾಲ್ಕು ಸಂಜೆ, ಎರಡೆರಡು ತಾಸು ಮಾಡಿ. ಸಂಜೆ 6:30ಕ್ಕೆ ಶುರು ಮಾಡಿದರೆ ಲಂಡನ್ನಿನಲ್ಲಿ ಮಧ್ಯಾಹ್ನ 1, ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 8. ಒಂದು ಎಚ್ಚರ: ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಕ್ಟೋಬರ್‌ನಲ್ಲಿ ಲೆಕ್ಕ ಹಾಕಿ "ನಿಮಗೆ ಬೆಳಗ್ಗೆ 9" ಅಂತ ಬರೆದುಬಿಟ್ಟರೆ ಅವರು ಒಂದು ತಾಸು ತಡವಾಗಿ ಬರುತ್ತಾರೆ. ತಪ್ಪು ಅವರದಲ್ಲ.

ಪ್ರಬಂಧ ಓದಿಸಬೇಡಿ. ವಾರ ಮೊದಲೇ ಎಲ್ಲರಿಗೂ ಕಳಿಸಿ. ಒಬ್ಬರಿಗೆ 12 ನಿಮಿಷ ಮಾತು, ಅಷ್ಟೇ ಹೊತ್ತು ಪ್ರಶ್ನೆ. ಮೊದಲ ಪ್ರಶ್ನೆ ಯಾರು ಕೇಳಬೇಕು ಅಂತ ಮುಂಚೆಯೇ ಒಬ್ಬರಿಗೆ ಒಪ್ಪಿಸಿಬಿಡಿ. ಇಲ್ಲದಿದ್ದರೆ "ಪ್ರಶ್ನೆಗಳಿದ್ದರೆ ಕೇಳಬಹುದು" ಅಂದ ಮೇಲೆ ಬರುತ್ತದಲ್ಲ ಆ ಮೌನ, ಅದು ಇಡೀ ಗೋಷ್ಠಿಯನ್ನೇ ತಿನ್ನುತ್ತದೆ.

ಪ್ರಶ್ನೆ (ಅದೇ ಉಪನ್ಯಾಸಕಿ):
ಆದರೆ ಸರ್ಟಿಫಿಕೇಟ್ ಇಲ್ಲ ಅಂದರೆ ಯಾರೂ ಬರಲ್ಲ ಸರ್. ಮತ್ತೆ ಜೂಮ್ ತಗೊಳ್ಳೋದಾ, ಗೂಗಲ್ ಮೀಟಾ?

ಉತ್ತರ:
ಸರ್ಟಿಫಿಕೇಟ್ ಕೊಡಿ, ಆದರೆ ಕೊನೆಯಲ್ಲಿ ಫಾರ್ಮ್ ಲಿಂಕ್ ಎಸೆದು ಕೊಡಬೇಡಿ. ಆ ಲಿಂಕ್ ಐದೇ ನಿಮಿಷದಲ್ಲಿ ಹತ್ತು ವಾಟ್ಸ್‌ಆ್ಯಪ್ ಗುಂಪು ಸುತ್ತಿ, ಒಳಗೆ ಬರದವರೂ ತುಂಬಿರುತ್ತಾರೆ. ಪ್ರತಿ ಸಂಜೆ ಕೇಳಿದ್ದರ ಬಗ್ಗೆ ಒಂದು ಪ್ರಶ್ನೆ ಬರೆದವರಿಗೆ ಮಾತ್ರ ಕೊಡಿ. ಜನ ಕಡಿಮೆ ಆಗುತ್ತಾರೆ. ಆಗಲಿ, ಮೂವತ್ತು ಜನ ಕೇಳಿದರೆ ಅದು ದೊಡ್ಡ ಸಂಕಿರಣ.

ಜೂಮ್ ಪುಕ್ಕಟೆ ಖಾತೆ 40 ನಿಮಿಷಕ್ಕೆ ನಿಲ್ಲುತ್ತದೆ, ಗೂಗಲ್ ಮೀಟ್ 60ಕ್ಕೆ. ನಿಮ್ಮ ಕಾಲೇಜಿಗೆ ಗೂಗಲ್‌ನ ಶಿಕ್ಷಣ ಖಾತೆ ಇದೆಯಾ ನೋಡಿ. ಇದ್ದರೆ ಆ ಮಿತಿ ಇರಲ್ಲ, ನೂರು ಜನ ಕೂರಬಹುದು. ಅದಕ್ಕಿಂತ ಜಾಸ್ತಿ ಆದರೆ ಯೂಟ್ಯೂಬ್ ಲೈವ್ ಬಿಡಿ. ಹೊಸ ಚಾನೆಲ್‌ಗೆ ಲೈವ್ ತೆರೆಯೋಕೆ 24 ಗಂಟೆವರೆಗೆ ಹಿಡಿಯುತ್ತದೆ, ಕಾರ್ಯಕ್ರಮದ ದಿನ ಒತ್ತುತ್ತಾ ಕೂತರೆ ಆಗಲ್ಲ.

ಈಗ ನನ್ನದೇ ಒಂದು ಕಥೆ. ಒಂದು ಕಾಲೇಜಿನ ಕಾರ್ಯಕ್ರಮ, ಶಾಸನದ ಬಗ್ಗೆಯೇ. ಹಿರಿಯರೊಬ್ಬರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪಿಪಿಟಿ ಕಳಿಸಿದ್ದರು. ಹಳೆ ನುಡಿ ಫಾಂಟ್, ಎಲ್ಲ ಕಂಪ್ಯೂಟರಲ್ಲೂ ಕಾಣುವ ಯೂನಿಕೋಡ್ ಅಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇರಲಿಲ್ಲ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಅದರ ಮೇಲೆ ಕೊಂಬು, ನಡುವೆ ಬ್ರಾಕೆಟ್ಟು. ಅಧ್ಯಕ್ಷತೆ ವಹಿಸಿದ್ದವರು "ಬ್ರಾಹ್ಮಿ ಓದಬಹುದು, ಇದನ್ನು ಓದಕ್ಕಾಗಲ್ಲ" ಅಂದರು. ಎಲ್ಲರೂ ನಕ್ಕರು, ಆ ಹಿರಿಯರು ನಗಲಿಲ್ಲ. ಅವತ್ತಿಂದ ಯಾರೇ ಇರಲಿ, ಪಿಡಿಎಫ್ ಮಾಡಿ ಕಳಿಸಿ ಅಂತಲೇ ಹೇಳುತ್ತೇನೆ.

ಪ್ರಶ್ನೆ (ಕೊಪ್ಪಳ, ಸಂಶೋಧನಾ ವಿದ್ಯಾರ್ಥಿ):
ಅಣ್ಣಾ, ನಮ್ಮೂರಲ್ಲಿ ಸಂಜೆ ಕರೆಂಟ್ ಹೋಗುತ್ತೆ, ಹೋದರೆ ನೆಟ್‌ವರ್ಕೂ ಹೋಗುತ್ತೆ. ನನ್ನ ಹತ್ತಿರ ಇರೋದು ಮೊಬೈಲ್ ಮಾತ್ರ. ಪ್ರಬಂಧ ಮಂಡಿಸಬಹುದಾ?

ಉತ್ತರ:
ಮಂಡಿಸಪ್ಪ. ಶಕ್ತಿನಗರ, ಕುಡತಿನಿಯಲ್ಲಿ ವಿದ್ಯುತ್ ಸ್ಥಾವರ ಇಟ್ಟುಕೊಂಡು ನಾವೇ ಕತ್ತಲಲ್ಲಿ ಕೂರೋದು, ಅದು ಬೇರೆ ಗುಂಪಿನಲ್ಲಿ ಮಾತಾಡೋಣ. ನಿನ್ನ 12 ನಿಮಿಷದ ಮಾತನ್ನು ಮೂರು ದಿನ ಮೊದಲೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸು. ಫೋನ್ ಅಡ್ಡ ಹಿಡಿ, ಕಿಟಕಿಗೆ ಮುಖ ಮಾಡಿ ಕೂರು, ಫ್ಯಾನ್ ಆಫ್ ಮಾಡು. ನೆಟ್ ಹೋದರೆ ವಿಡಿಯೋ ಹಾಕುತ್ತಾರೆ. ಪ್ರಶ್ನೆಗೆ ಮಾಮೂಲಿ ಫೋನ್ ಕರೆಯಲ್ಲಿ ಉತ್ತರ ಹೇಳು, ಅವರು ಸ್ಪೀಕರ್ ಆನ್ ಮಾಡಿ ಮೈಕಿಗೆ ಹಿಡಿಯುತ್ತಾರೆ. ಮೇಡಂ, ಇದನ್ನು ಇವನಿಗೊಬ್ಬನಿಗೆ ಅಲ್ಲ, ಎಲ್ಲ ಮಂಡನಕಾರರಿಗೂ ನಿಯಮ ಮಾಡಿ. ಮತ್ತೆ ಕಾಲೇಜಿನ ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ.

ಪ್ರಶ್ನೆ (ಉಪನ್ಯಾಸಕಿ):
ಕೊನೆಯದು ಸರ್. ಮುಖಾಮುಖಿ ಮಾಡಿದ್ದರೆ ಎಲ್ಲರನ್ನೂ ಮಸ್ಕಿಗೆ ಕರೆದುಕೊಂಡು ಹೋಗುತ್ತಿದ್ದೆವು. ಅಶೋಕ ಅನ್ನೋ ಹೆಸರೇ ಇರುವ ಶಾಸನ, 1915ರಲ್ಲಿ ಸಿಕ್ಕಿದ್ದು. ಅಲ್ಲಿಂದ ನೇರ ಪ್ರಸಾರ ಮಾಡೋಣವಾ?

ಉತ್ತರ:
ನೇರ ಪ್ರಸಾರ ಬೇಡ ಮೇಡಂ. ನೀವು ಸೇರೋದು ಸಂಜೆ, ಅಷ್ಟೊತ್ತಿಗೆ ಕತ್ತಲು. ಮಧ್ಯಾಹ್ನ ತೆಗೆದರೂ ನೆತ್ತಿ ಮೇಲಿನ ಬಿಸಿಲಿಗೆ ಬಂಡೆ ಚಪ್ಪಟೆಯಾಗಿ ಕಾಣುತ್ತದೆ, ಅಕ್ಷರ ಕಾಣಲ್ಲ. ಬೆಳಕು ಪಕ್ಕದಿಂದ ಬಿದ್ದರೆ ಗೀರಿನೊಳಗೆ ನೆರಳು ನಿಂತು ಒಂದೊಂದೇ ಅಕ್ಷರ ಎದ್ದು ಬರುತ್ತದೆ. ಬೆಳಗ್ಗೆ ಹೋಗಿ, ಬಿಸಿಲು ಓರೆಯಾಗಿ ಬೀಳದಿದ್ದರೆ ಪಕ್ಕದಿಂದ ಟಾರ್ಚ್ ಹಿಡಿಸಿ. ಸಂರಕ್ಷಿತ ಜಾಗ, ವಿಡಿಯೋಗೆ ಅನುಮತಿ ಮೊದಲೇ ಕೇಳಿಕೊಳ್ಳಿ. ಶಾಸನ ಓದಬಲ್ಲವರೊಬ್ಬರು ಬಂಡೆ ಮುಟ್ಟದೆ ಸಾಲಿನ ಮುಂದೆ ಬೆರಳು ಸರಿಸುತ್ತಾ ಓದಲಿ, ಆರೇಳು ನಿಮಿಷ ಸಾಕು. ಮೊದಲನೇ ಸಂಜೆ ದೀಪ ಹಚ್ಚೋ ಬದಲು ಅದನ್ನೇ ಹಾಕಿ.

ಉಪನ್ಯಾಸಕಿ:
ಪ್ರಿನ್ಸಿಪಾಲರಿಗೆ ದೀಪ ಬೇಕೇ ಬೇಕಂತೆ ಸರ್.

ಉತ್ತರ:
ಹಂಗಾದ್ರೆ ಅವರನ್ನೂ ಮಸ್ಕಿಗೆ ಕರೆದುಕೊಂಡು ಹೋಗಿ, ಟಾರ್ಚ್ ಅವರ ಕೈಗೇ ಕೊಡಿ.