ಅಪ್‌ಡೇಟ್: ಮೈಗ್ರೇನ್‌ಗೆ ಹಣೆಗೆ ಅಂಟಿಸೋ ಸಾಧನ ತಗೊಂಡೆ

ಮೈಗ್ರೇನ್ ಬರದಂತೆ ತಡೆಯೋಕೆ ಹಣೆಯ ಸಾಧನ ಒಳ್ಳೆಯದೋ ತೋಳಿಗೆ ಕಟ್ಟೋದೋ ಅಂತ ಕೇಳಿದ್ದೆನಲ್ಲ, ನರರೋಗ ತಜ್ಞರ ಜೊತೆ ಮಾತಾಡಿ ಹಣೆಯದೇ ತಗೊಂಡೆ. ಈ ಬಗೆಯದಕ್ಕೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಒಪ್ಪಿಗೆ ಕೊಟ್ಟಿದೆ. ಹುಬ್ಬಿನ ಮೇಲಿನ ನರಕ್ಕೆ ಸಣ್ಣ ವಿದ್ಯುತ್ ಮಿಡಿತ, ದಿನಾ 20 ನಿಮಿಷ.

ಶುರುವಿನಲ್ಲಿ ಇರುವೆ ಹರಿದ ಹಾಗೆ ಚುಮುಚುಮು. ಮಿಡಿತ ಏರುತ್ತಾ ಹೋದಂತೆ ಹಲ್ಲು ಕಚ್ಚಿ ಕೂರಬೇಕಾಗ್ತಿತ್ತು. ಬಟನ್ ಒತ್ತಿದರೆ ಏರಿಕೆ ಅಲ್ಲೇ ನಿಲ್ಲುತ್ತೆ ಅಂತ ಗೊತ್ತಾದ ಮೇಲೆ ಆರಾಮ. ಅಂಟುಪಟ್ಟಿಯದ್ದೇ ಬೇರೆ ತಲೆನೋವು ಬಿಡಿ, ಹಣೆಯಲ್ಲಿ ಚೂರು ಕ್ರೀಮ್ ಉಳಿದರೂ ಕಳಚಿಕೊಳ್ಳುತ್ತೆ.

ಮೈಗ್ರೇನ್ ಪೂರ್ತಿ ಹೋಗಿಲ್ಲ. ಆದರೆ ಕತ್ತಲೆ ಕೋಣೆಯಲ್ಲಿ ಬಿದ್ದುಕೊಳ್ಳೋ ದಿನಗಳು ಕಮ್ಮಿಯಾಗಿವೆ. ನೋವು ಜೋರಾದರೆ ಮಾತ್ರೆ ಈಗಲೂ ಬೇಕು. ಪೇಸ್‌ಮೇಕರ್ ಇರೋರು ಮಾತ್ರ ಇದರ ತಂಟೆಗೆ ಹೋಗಬೇಡಿ.