ಜಿಪಿಎಸ್ ಪಾಯಿಂಟ್ ಎಲ್ಲ 200 ಮೀಟರ್ ಆಚೆ ತೋರಿಸುತ್ತಿದೆ (ನೀಡಲ್ಸ್, ಯೂಟಾ)

ಕೊತ್ರೂಡ್ ಕನ್ನಡಿಗ:
ತಲೆ ಕೆಟ್ಟುಹೋಗಿದೆ. ಆಫೀಸ್ ಕೆಲಸಕ್ಕೆ ಅಮೆರಿಕಕ್ಕೆ ಹೋದವನು ಅಲ್ಲಿನ ರಾಷ್ಟ್ರೀಯ ಉದ್ಯಾನ ಕ್ಯಾನಿಯನ್‌ಲ್ಯಾಂಡ್ಸ್‌ನ ನೀಡಲ್ಸ್ ಭಾಗದಲ್ಲಿ ಚೆಸ್ಲರ್ ಪಾರ್ಕ್ ದಾರಿ ಹಿಡಿದೆ. ದಾರಿಯ ಪಾಯಿಂಟ್ ಎಲ್ಲ (ಜಾಗಗಳ ಜಿಪಿಎಸ್ ನಂಬರ್) ಮೊದಲೇ ಫೋನಿಗೆ ಹಾಕಿಟ್ಟಿದ್ದೆ. ಕವಲುದಾರಿಯ ಬೋರ್ಡ್ ಕಣ್ಣೆದುರಿಗೇ ಇದೆ, ಫೋನು ಮಾತ್ರ ಇನ್ನೂ 200 ಮೀಟರ್ ನಡಿ ಅನ್ನುತ್ತದೆ. ನಡೆದರೆ ಬಂಡೆಯ ಅಂಚು. ಸಹ್ಯಾದ್ರಿಯಲ್ಲಿ ಇದೇ ಫೋನು ಯಾವತ್ತೂ ಹೀಗೆ ಮಾಡಿಲ್ಲ. ಈಗ ನನ್ನ ತಮ್ಮ ಅದೇ ಪಾಯಿಂಟ್ ಇಟ್ಟುಕೊಂಡು ಹೊರಟಿದ್ದಾನೆ. ಫೋನ್ ಬದಲಿಸಬೇಕಾ?

ಮುಲುಂಡ್ ಶೆಟ್ರು:
ಡಿಕ್ಲಿನೇಷನ್ ಮಾರಾಯ್ರೇ, ಬೇರೇನೂ ಅಲ್ಲ. ಮುಂಬೈ, ಪುಣೆಯಲ್ಲಿ ಕಾಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದು ಡಿಗ್ರಿಯೂ ವ್ಯತ್ಯಾಸವಿಲ್ಲ, ಹಾಗಾಗಿ ನಮಗೆ ಅದರ ನೆನಪೇ ಇರುವುದಿಲ್ಲ. ಅಲ್ಲಿ ಸುಮಾರು 10 ಡಿಗ್ರಿ ಪೂರ್ವಕ್ಕಿದೆ. ಒಂದು ಕಿಲೋಮೀಟರಿಗೆ 175 ಮೀಟರ್ ತಪ್ಪುತ್ತದೆ. ಲೆಕ್ಕ ಸರಿಹೋಯಿತಲ್ಲ!

ಕೊತ್ರೂಡ್ ಕನ್ನಡಿಗ:
ನಾನು ಕಾಂಪಾಸ್ ಮುಟ್ಟೇ ಇಲ್ಲ ಸರ್.

ಮುಲುಂಡ್ ಶೆಟ್ರು:
ಫೋನಿನೊಳಗೂ ಕಾಂಪಾಸ್ ಉಂಟು. ಕವರಿನಲ್ಲಿ ಅಯಸ್ಕಾಂತ ಇದೆಯಾ ನೋಡಿ.

ಮಡಗಾಂವ್ ಭಟ್:
ಅಯಸ್ಕಾಂತಕ್ಕೆ ಬಾಣ ತಿರುಗುತ್ತದೆ, ಜಾಗ ಸರಿಯುವುದಿಲ್ಲ. ನನಗೆ ಅನುಮಾನ ಗೋಡೆಗಳ ಮೇಲೆ. ಅಲ್ಲಿನ ಜಾಯಿಂಟ್ ಟ್ರೇಲ್ ಎಂಬ ದಾರಿಯ ಬಿರುಕಿನಂಥ ಕಡೆ ಸಿಗ್ನಲ್ ಬಂಡೆಗೆ ಬಡಿದು ಸುತ್ತಿ ಬರುತ್ತದೆ. ನನ್ನ ಜಿಪಿಎಸ್ ಯಂತ್ರ ಇಟ್ರೆಕ್ಸ್ 30ಎಕ್ಸ್‌ಗೆ ಎರಡು ಎಎ ಸೆಲ್ ಹಾಕಿದರೆ 25 ಗಂಟೆ ಓಡುತ್ತದೆ. ಫೋನ್ ನಂಬಿ ಮರುಭೂಮಿಗೆ ಯಾರು ಹೋಗುತ್ತಾರೆ?

ಚಿಂಚವಾಡ ಗಿರಿ:
ಇದೆಲ್ಲ ಯಾಕೆ ಗುರು. ಹೋಗುತ್ತಾ ನಾಲ್ಕು ಕಲ್ಲು ಪೇರಿಸಿಕೊಂಡು ಹೋದರೆ ಆಯ್ತು, ವಾಪಸ್ ಬರುವಾಗ ಸಿಗುತ್ತದೆ.

ಮಡಗಾಂವ್ ಭಟ್:
ದಯವಿಟ್ಟು ಬೇಡ. ಬರೀ ಬಂಡೆಯ ಮೇಲೆ ಅಲ್ಲಿ ದಾರಿ ಗುರುತು ಅಂದರೆ ಆ ಕಲ್ಲುಗುಪ್ಪೆಗಳೇ. ನೀವು ಕಟ್ಟಿದ್ದನ್ನು ನಂಬಿ ಹಿಂದೆ ಬಂದವನು ದಾರಿ ತಪ್ಪುತ್ತಾನೆ. ಕಲ್ಲು ಹುಡುಕುತ್ತಾ ದಾರಿ ಬಿಟ್ಟರೆ ಕಪ್ಪು ಹೆಕ್ಕಳೆಯ ಮಣ್ಣು ತುಳಿಯುತ್ತೀರಿ. ಅದು ಜೀವ ಇರುವ ಮಣ್ಣು. ಮತ್ತೆ ಮೊದಲಿನಂತಾಗಲು ದಶಕಗಳು ಬೇಕು.

ಚಿಂಚವಾಡ ಗಿರಿ:
ಪುಣೆ ಹತ್ತಿರದ ರಾಜಗಡ ಕೋಟೆಯಲ್ಲಿ ಎಲ್ಲರೂ ಬಾಣ ಬರೆದೇ ಬರೆಯುತ್ತಾರೆ, ಅದಕ್ಕೆ ಯಾರೂ ಅಳುವುದಿಲ್ಲ.

ಔಂಧ್ ಅಕ್ಕ:
ಜಗಳ ಆಮೇಲೆ ಆಡ್ರಿ. ಕೊತ್ರೂಡ್ ಅವರೇ, ಎಲ್ಲ ಪಾಯಿಂಟೂ ಒಂದೇ ದಿಕ್ಕಿಗೆ ಸರಿದಿವೆಯಾ? ನಂಬರ್ ಎಲ್ಲಿಂದ ತಗೊಂಡಿರಿ?

ಕೊತ್ರೂಡ್ ಕನ್ನಡಿಗ:
ಎಲ್ಲ ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ. ನಂಬರ್ ಮ್ಯಾಪಿಂದಲೇ, ಮತ್ತೆಲ್ಲಿಂದ? ಯುಎಸ್‌ಜಿಎಸ್ (ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ) 1:24,000 ಹಳೇ ಶೀಟಿನ ಸ್ಕ್ಯಾನ್ ಇತ್ತು, ಯುಟಿಎಂ ಗ್ರಿಡ್ (ಮೀಟರ್ ಲೆಕ್ಕದ ಚೌಕಗಳು) ನೋಡಿ ಬರೆದುಕೊಂಡೆ.

ಔಂಧ್ ಅಕ್ಕ:
ಇದನ್ನು ಮೊದಲೇ ಹೇಳಬಾರದಾ? ಸಿಗ್ನಲ್ ತೊಂದರೆಯಾದರೆ ಪಾಯಿಂಟ್ ದಿಕ್ಕುದಿಕ್ಕಿಗೆ ಚೆದುರುತ್ತವೆ, ಹೀಗೆ ಸಾಲಾಗಿ ಸರಿಯುವುದಿಲ್ಲ. ನಿಮ್ಮದು ಡೇಟಮ್ ತೊಂದರೆ, ಅಂದರೆ ನಂಬರ್ ಅಳೆಯಲು ಹಿಡಿದ ಭೂಮಿಯ ಲೆಕ್ಕವೇ ಬೇರೆ. ಹಳೇ ಶೀಟಿನದು 1927ರ ನಾಡ್ 27, ಫೋನಿನದು ಡಬ್ಲ್ಯುಜಿಎಸ್ 84. ಆ ಕಡೆ ಯುಟಿಎಂ ನಂಬರಿನಲ್ಲಿ ಉತ್ತರ-ದಕ್ಷಿಣಕ್ಕೆ ಸುಮಾರು 200 ಮೀಟರ್, ಪೂರ್ವ-ಪಶ್ಚಿಮಕ್ಕೆ 60ರಷ್ಟು ವ್ಯತ್ಯಾಸ. ನಮ್ಮ ಹಳೇ ಟೊಪೊಶೀಟ್ (ಸರ್ವೆ ನಕ್ಷೆ) ಎವರೆಸ್ಟ್ ಎಂಬ ಹಳೇ ಡೇಟಮ್ ಲೆಕ್ಕದ್ದು, ಅದರಲ್ಲೂ ಇದೇ ಗೋಳು. ನೀವು ಸಹ್ಯಾದ್ರಿಗೆ ಯಾರದೋ ಟ್ರ್ಯಾಕ್ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತೀರಿ, ಅದು ಮೊದಲೇ ಡಬ್ಲ್ಯುಜಿಎಸ್ 84ರಲ್ಲಿರುತ್ತದೆ, ಅದಕ್ಕೇ ಗೊತ್ತಾಗಿಲ್ಲ. ಫೋನ್ ಬದಲಿಸಬೇಡಿ.

ಮುಲುಂಡ್ ಶೆಟ್ರು:
ಆದರೂ ಡಿಕ್ಲಿನೇಷನ್ ಒಮ್ಮೆ ನೋಡಿಬಿಡಿ.

ಕೊತ್ರೂಡ್ ಕನ್ನಡಿಗ:
ಶೀಟಿನ ಮೂಲೆಯಲ್ಲಿ 1927 ಅಂತ ಸಣ್ಣಕ್ಷರದಲ್ಲಿ ಇದೆ. ಈಗ ಎಲ್ಲವನ್ನೂ ಕೈಯಲ್ಲೇ ಕೂಡಿ ಕಳೆದು ಟೈಪ್ ಮಾಡಬೇಕಾ?

ಔಂಧ್ ಅಕ್ಕ:
ಬೇಡ. ಭಟ್ಟರ ಇಟ್ರೆಕ್ಸ್‌ನಲ್ಲಿ ಡೇಟಮ್ ನಾಡ್ 27 ಮಾಡಿ ನಂಬರ್ ಹಾಕಿ, ಆಮೇಲೆ ಡಬ್ಲ್ಯುಜಿಎಸ್ 84 ಮಾಡಿ. ಅದೇ ಬದಲಿಸಿ ತೋರಿಸುತ್ತದೆ. ಯುಟಿಎಂ ವಲಯ ಯೂಟಾದ 12 ಇರಲಿ, ನಮ್ಮ 43 ಉಳಿದುಬಿಟ್ಟೀತು.

ಮಡಗಾಂವ್ ಭಟ್:
ಯಂತ್ರ ಕೊಡುವುದಿಲ್ಲ. ನಂಬರ್ ಕಳಿಸಿ, ಹಾಕಿ ಕೊಡುತ್ತೇನೆ.

ಚಿಂಚವಾಡ ಗಿರಿ:
ಇಟ್ರೆಕ್ಸ್ ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಸಿಗುತ್ತೆ ಈಗ?